ಎರಿ ಹೊಲದ ಮಿಸ್ಟರ್

ನವಲಗುಂದ, ಅಣ್ಣಿಗೇರಿ, ಕುಂದಗೋಳ, ಕಲಘಟಗಿ, ಯಾವ ಊರಿನ ಬಸ್ ಸ್ಟ್ಯಾಂಡಿನಲ್ಲಿ ಇಳಿದರೂ ಅವನನ್ನು ಹುಡುಕುವುದು ಕಷ್ಟವಲ್ಲ. ತಮ್ಮನ ಅಳತೆಯ ಟೀ ಶರ್ಟು ಹಾಕಿರುತ್ತಾನೆ. ಎರಡೂ ತೋಳು ಪಕ್ಕೆಗೆ ತಾಗದಂತೆ ಅಗಲಿಸಿಕೊಂಡು ನಡೆಯುತ್ತಾನೆ. ಕೈಯಲ್ಲೊಂದು ಬಾಟಲಿ, ಅದರೊಳಗೆ ತಂತಿಯ ಚೆಂಡು ಗಲಗಲ ಎನ್ನುತ್ತಿರುತ್ತದೆ. ಚಹಾದಂಗಡಿಯವನು ಹೆಸರು ಹಿಡಿದು ಕರೆದರೂ ಹೋಗುವುದಿಲ್ಲ, ಚಹಾದಲ್ಲಿ ಸಕ್ಕರೆ ಇದೆ. ಮಿರ್ಚಿ ಕರಿಯುವ ಬಾಣಲೆಯ ಮುಂದೆ ಒಂದು ಕ್ಷಣ ನಿಂತು, ಪುಕ್ಕಟೆ ಸಿಗುವ ವಾಸನೆಯನ್ನಷ್ಟೇ ಎಳೆದುಕೊಂಡು ಮುಂದಕ್ಕೆ ಸಾಗುತ್ತಾನೆ. ನಿಂತ ಬೈಕಿನ ಕನ್ನಡಿ, ಮೊಬೈಲ್ ಅಂಗಡಿಯ ಗಾಜು, ಎ.ಟಿ.ಎಂ. ಬಾಗಿಲು, ಯಾವುದನ್ನೂ ತನ್ನನ್ನು ನೋಡಿಕೊಳ್ಳದೆ ದಾಟುವುದಿಲ್ಲ. ಅಪ್ಪ-ಅವ್ವ ಇಟ್ಟ ಹೆಸರನ್ನು ಊರು ಎಂದೋ ಬಿಟ್ಟಿದೆ. ಈಗ ಅವನು ‘ಮಿಸ್ಟರ್’. ಇನ್ನೂ ಯಾವುದರ ಮಿಸ್ಟರೂ ಆಗಿಲ್ಲ ಎಂಬುದು ಬೇರೆ ಮಾತು. ನಮ್ಮ ಕಡೆ ಪದವಿಗಿಂತ ಮೊದಲೇ ಬಿರುದು ಕೊಡುವುದು ರೂಢಿ.

ನನಗೆ ಚೆನ್ನಾಗಿ ಗೊತ್ತಿರುವ ಮಿಸ್ಟರ್ ನಮ್ಮ ಓಣಿಯವನೇ. ನವಲಗುಂದ ತಾಲೂಕಿನ ಅಪ್ಪಟ ಎರಿ ಭೂಮಿಯ ರೈತನ ಮಗ, ಒಂದು ಕಾಲಕ್ಕೆ ನನ್ನ ವಿದ್ಯಾರ್ಥಿ. ಆಗ ಅವನ ಬಾಯಲ್ಲಿ ಏಳರ ಮಗ್ಗಿ ಮುಂದಕ್ಕೆ ಹೋಗುತ್ತಿರಲಿಲ್ಲ. ಈಗ ಒಂದು ಬಾಳೆಹಣ್ಣಿನಲ್ಲಿ ಎಷ್ಟು ಕಾರ್ಬ್, ಅರ್ಧ ರೊಟ್ಟಿಯಲ್ಲಿ ಎಷ್ಟು ಕ್ಯಾಲೊರಿ ಎಂದು ನಿದ್ದೆಗಣ್ಣಿನಲ್ಲೂ ಹೇಳುತ್ತಾನೆ. ಅವನಿಗೆ ಈ ಹುಚ್ಚು ಹತ್ತಿದ್ದು ಕನ್ಯಾದ ಸಲುವಾಗಿ ಎಂದು ಊರವರ ತರ್ಕ. ರೈತರ ಮಕ್ಕಳಿಗೆ ಹೆಣ್ಣು ಕೊಡುವವರಿಲ್ಲ, ನೌಕರಿ ಕೇಳುತ್ತಾರೆ. ನೌಕರಿ ನಮ್ಮ ಕೈಯಲ್ಲಿಲ್ಲ, ದಂಡ ಬೆಳೆಸುವುದಾದರೂ ನಮ್ಮ ಕೈಯಲ್ಲಿದೆಯಲ್ಲ ಎಂದುಕೊಂಡಿರಬೇಕು.

ಮೈ ಬೆಳೆಸುವುದು ಆ ಮನೆಗೆ ಹೊಸದಲ್ಲ. ಅವನ ಅಜ್ಜ ಹರೆಯದಲ್ಲಿ ಪೈಲವಾನ. ಜಾತ್ರೆಗಳಲ್ಲಿ ಕುಸ್ತಿ ಹಿಡಿದವರು, ಸಂಗ್ರಾಣಿ ಕಲ್ಲು ಎತ್ತಿದವರು. ಮುರುಟಿಹೋದ ಎರಡೂ ಕಿವಿ ಅದಕ್ಕೆ ಸಾಕ್ಷಿ. ಅವರು ಸಾಮು ಮಾಡಿದ ಗರಡಿ ಮನಿಗೆ ಈಗ ಬೀಗ, ಒಳಗೆ ಗಣಪತಿ ಮಂಡಳಿಯ ಪೆಂಡಾಲಿನ ಸಾಮಾನು. ಮೊಮ್ಮಗನ ಜಿಮ್ಮು ತಾಲೂಕಿನಲ್ಲಿ ಗೊಬ್ಬರದಂಗಡಿಯ ಮೇಲೆ ಇದೆ. ಡಿ.ಎ.ಪಿ. ಚೀಲ ಇಳಿಸಿಕೊಳ್ಳಲು ಹೋದಾಗ ಅಜ್ಜ ಒಮ್ಮೆ ಮೆಟ್ಟಿಲು ಹತ್ತಿ ನೋಡಿಬಂದರು. ಒಂದು ಗೋಡೆಗೆ ಹನುಮಪ್ಪ, ಒಂದು ಗೋಡೆಗೆ ಏಳು ಸಲ ಮಿಸ್ಟರ್ ಒಲಿಂಪಿಯಾ ಆದ ಅರ್ನಾಲ್ಡ್, ಉಳಿದಲ್ಲೆಲ್ಲ ಕನ್ನಡಿ.

“ಇಲ್ಲಿ ಯಾರ ಜೋಡಿ ಕುಸ್ತಿ?” ಎಂದು ಕೇಳಿದರಂತೆ.

“ಯಾರ ಜೋಡೀನೂ ಇಲ್ಲಜ್ಜಾ.”

“ಮತ್ತ ಇಷ್ಟೊಂದ ಕನ್ನಡಿ ಎದಕ?”

“ನಮ್ಮನ್ನ ನಾವ ನೋಡ್ಕೊಳ್ಳಾಕ.”

“ನಾವು ಎದುರಿನವನ ಕಣ್ಣು ನೋಡ್ತಿದ್ವಿ,” ಅಂದರು ಅಜ್ಜ. “ನಮ್ಮ ಮಾರಿ ನೋಡ್ಕೊಂತ ನಿಂತಿದ್ರ, ಅಷ್ಟೊತ್ತಿಗೆ ಅಂವ ಬೆನ್ನು ಮಣ್ಣಿಗೆ ಹಚ್ಚಿರತಿದ್ದ.”

ಕನ್ನಡಿಯ ಬಗ್ಗೆ ಅಜ್ಜನ ತಕರಾರು ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಮೈಯನ್ನು ನೋಡಲಿಕ್ಕೆಂದೇ ಬೆಳೆಸುವ ಕಲೆಗೆ ನಮ್ಮ ನಾಡಿನಲ್ಲಿ ದೊಡ್ಡ ಮನೆತನವೇ ಇದೆ. ಸುಮಾರು ನೂರು ವರ್ಷದ ಹಿಂದೆಯೇ ಬೆಂಗಳೂರಿನಲ್ಲಿ ಕೆ.ವಿ. ಅಯ್ಯರ್ ಹರ್ಕ್ಯುಲಿಸ್ ಜಿಮ್ನೇಷಿಯಂ ನಡೆಸಿದರು, ಅಂಚೆಯ ಮೂಲಕವೂ ಅಂಗಸಾಧನೆ ಕಲಿಸಿದರು, ತಮ್ಮದೇ ಮೈಯ ಚಿತ್ರಗಳನ್ನು ಹಾಕಿ ಇಂಗ್ಲಿಷಿನಲ್ಲಿ ಪುಸ್ತಕ ಬರೆದರು. ಅದೇ ಮನುಷ್ಯ ಮುಂದೆ ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳನ್ನೂ ಬರೆದರು. ಇದನ್ನು ಮಿಸ್ಟರ್‌ಗೆ ಹೇಳಿದೆ, ಸ್ವಲ್ಪ ಓದಿನ ಕಡೆ ತಿರುಗಿಯಾನು ಎಂಬ ಮಾಸ್ತರಿಕೆಯ ಆಸೆಯಿಂದ. ಅವನು ಗಂಭೀರವಾಗಿ ಕೇಳಿಸಿಕೊಂಡು, “ಒಂದ ಕಾದಂಬರಿ ಬರದ್ರ ಎಷ್ಟ ಕ್ಯಾಲೊರಿ ಸುಡತಾವ್ರಿ ಸರ?” ಎಂದ. ಅವನ ದೇವರು ಬೇರೆ. ಮೊಬೈಲಿನ ಪರದೆಯ ಮೇಲೆ ಬಂಗಾಳದ ಮನೋಹರ ಐಚ್ ಇದ್ದಾರೆ. 1952ರ ಮಿಸ್ಟರ್ ಯೂನಿವರ್ಸ್, ಎತ್ತರ 4 ಅಡಿ 11 ಇಂಚು, ನೂರು ದಾಟಿ ಬಾಳಿ 2016ರಲ್ಲಿ ತೀರಿಕೊಂಡವರು. ನಮ್ಮವನು 5 ಅಡಿ 3 ಇಂಚು. ದೇವರಿಗಿಂತ ತಾನು ನಾಲ್ಕಿಂಚು ಮುಂದಿದ್ದೇನೆ ಎಂಬುದೇ ಅವನ ಧೈರ್ಯ.

ಒಂದು ವರ್ಷ ರಾಜ್ಯೋತ್ಸವದ ಹೊತ್ತಿಗೆ ಹುಬ್ಬಳ್ಳಿಯಲ್ಲಿ ದೇಹದಾರ್ಢ್ಯ ಸ್ಪರ್ಧೆ ಎಂದು ಜಿಮ್ಮಿನ ಗೋಡೆಗೆ ಚೀಟಿ ಬಿತ್ತು. ಮಿಸ್ಟರ್ 74 ಕೆ.ಜಿ. ಇದ್ದ. 65ರ ಗುಂಪಿನಲ್ಲಿ ನಿಲ್ಲಬೇಕೆಂದು ಕೋಚು ಹೇಳಿದ. ಹದಿನಾಲ್ಕು ವಾರದ ತಯಾರಿ. ಲೆಕ್ಕ ಹಾಕಿದರೆ ಶುರುವಾಗುವುದು ನಾಗರ ಪಂಚಮಿಗೆ, ಮುಗಿಯುವುದು ದೀಪಾವಳಿ ದಾಟಿದ ಮೇಲೆ. ಅಂದರೆ ಉತ್ತರ ಕರ್ನಾಟಕದ ಮನುಷ್ಯ ವರ್ಷವಿಡೀ ಯಾವುದಕ್ಕಾಗಿ ದುಡಿಯುತ್ತಾನೋ ಅದಷ್ಟೂ ಆ ಹದಿನಾಲ್ಕು ವಾರದೊಳಗೇ ಬರುತ್ತದೆ.

ಪಂಚಮಿಗೆ ತವರಿಗೆ ಬಂದ ಅಕ್ಕ ಶೇಂಗಾದುಂಡಿ, ಎಳ್ಳುಂಡಿ, ರವೆಯುಂಡಿ, ತಂಬಿಟ್ಟು ಎಲ್ಲ ಒಂದೊಂದಾಗಿ ಮುಂದಿಟ್ಟಳು. ಮಿಸ್ಟರ್ ಆನ್‌ಲೈನಿನಲ್ಲಿ ತರಿಸಿದ ಪುಟ್ಟ ತಕ್ಕಡಿಯ ಮೇಲೆ ಒಂದು ಉಂಡಿ ಇಟ್ಟು ತೂಗಿದ. 62 ಗ್ರಾಂ. ಒಂದು ಚಿವುಟು ಮುರಿದ, ಮತ್ತೆ ತೂಗಿದ, ಮುರಿದ ಚಿವುಟನ್ನು ಮೂಸಿ ಇಟ್ಟ. “ಬಂಗಾರದಂಗಡ್ಯಾಗ ಕೆಲಸಕ್ಕ ಹೋಗು ನೀ,” ಎಂದು ಅಕ್ಕ ತಟ್ಟೆ ಎತ್ತಿಕೊಂಡು ಹೋದಳು. ಗಣೇಶನ ಹಬ್ಬದ ಕಡಬು ಹಾಗೇ ಹೋಯಿತು, ದಸರೆಯ ಹೋಳಿಗೆ ಹಾಗೇ ಹೋಯಿತು. ಸೀಗಿ ಹುಣ್ಣಿಮೆಗೆ ಇಡೀ ಬಳಗ ಹೊಲದಲ್ಲಿ ಚರಗ ಚೆಲ್ಲಿ ಉಣ್ಣಲು ಕೂತರೆ ಇವನು ಬದುವಿನ ಆಚೆ, ಬೆನ್ನು ತಿರುಗಿಸಿ, ಡಬ್ಬಿಯಲ್ಲಿ ತಂದ ಬೇಯಿಸಿದ ಕಾಳು ತಿನ್ನುತ್ತಿದ್ದ. ದೂರದ ಸೋದರತ್ತೆಯೊಬ್ಬಳು ನನ್ನ ಬಳಿ ಬಂದು ಮೆಲ್ಲಗೆ, “ಹುಡುಗಗ ಯಾರರ ಏನರ ಮಾಡಿಸ್ಯಾರೇನ್ರಿ ಮಾಸ್ತರ?” ಎಂದು ಕೇಳಿದಳು.

ತತ್ತಿಯದು ಬೇರೆಯೇ ಕಥೆ. ಆ ಮನೆಯ ಒಲೆ ಇಂದಿಗೂ ತತ್ತಿ ಕಂಡಿಲ್ಲ, ಕಾಣುವುದೂ ಇಲ್ಲ. ಕೋಚು ದಿನಕ್ಕೆ ಹನ್ನೆರಡು ಬಿಳಿಭಾಗ ಬರೆದುಕೊಟ್ಟಿದ್ದ. ಸಂಜೆ ಬಸ್ ಸ್ಟ್ಯಾಂಡಿನ ಎಗ್ ರೈಸ್ ಗಾಡಿಯ ಹಿಂದೆ, ಕತ್ತಲಲ್ಲಿ, ಗೋಡೆಗೆ ಮುಖ ಮಾಡಿ ಈ ಕಾರ್ಯ ನಡೆಯುತ್ತಿತ್ತು. ಹಳದಿಭಾಗ ಬೇಡವಲ್ಲ, ಅದು ಗಾಡಿಯ ಬಳಿಯ ಕಂದು ನಾಯಿಗೆ. ದೀಪಾವಳಿಯ ಹೊತ್ತಿಗೆ ಮಿಸ್ಟರ್‌ನ ಕೆನ್ನೆ ಒಳಗೆ ಹೋಗಿ ಕಣ್ಣು ಹೊರಗೆ ಬಂದಿತ್ತು. ನಾಯಿಯ ಎದೆ ಮಾತ್ರ ಹೀಗೆ ತುಂಬಿಕೊಂಡು, ಕುತ್ತಿಗೆಯಲ್ಲಿ ಮಡಿಕೆ ಬಿದ್ದು, ಅದು ಬಾಲ ಎತ್ತಿ ಬೀದಿಯಲ್ಲಿ ಹೊರಟರೆ ಉಳಿದ ನಾಯಿಗಳು ಬದಿಗೆ ಸರಿಯುತ್ತಿದ್ದವು. ಆ ಹದಿನಾಲ್ಕು ವಾರದಲ್ಲಿ ನಮ್ಮ ತಾಲೂಕಿನಲ್ಲಿ ನಿಜಕ್ಕೂ ಬೆಳೆದ ದೇಹ ಅದೊಂದೇ.

ಪ್ರೋಟೀನ್ ಡಬ್ಬ ಬಂದ ದಿನ ನನಗೆ ಕರೆ ಬಂತು. ಮನೆಯವರಿಗೆ ಡಬ್ಬದ ಮೇಲಿನ ಇಂಗ್ಲಿಷು ಓದಿಸಬೇಕಿತ್ತು. ಎರಡು ಕಿಲೋ, ಬೆಲೆ 6,200 ರೂಪಾಯಿ, ಹೊರಗಿನ ದೇಶದ ಮಾಲು. ಹಾಲು ಒಡೆಸಿ ಚೀಸ್ ಮಾಡಿಕೊಂಡ ಮೇಲೆ ಉಳಿಯುವ ತಿಳಿನೀರನ್ನು ಸೋಸಿ ಒಣಗಿಸಿದ ಪುಡಿ ಎಂದು ಹೇಳಿದೆ.

“ಅಂದ್ರ ಒಡದ ಹಾಲಿನ ನೀರಲ್ಲೇನ್ರಿ?” ಎಂದಳು ಅಜ್ಜಿ. “ಅದನ್ನ ನಾವು ಎಮ್ಮಿಗೆ ಹಾಕ್ತೀವಿ.”

ಎಮ್ಮೆ ಅಲ್ಲೇ ಹಿತ್ತಲಲ್ಲಿ ಮೆಲುಕಾಡುತ್ತಿತ್ತು. ಸಾಮಾನ್ಯ ಎಮ್ಮೆಯಲ್ಲ, ಧಾರವಾಡಿ ಎಮ್ಮೆ. ಕೇಂದ್ರದವರು 2021ರಲ್ಲಿ ಪ್ರತ್ಯೇಕ ತಳಿಯೆಂದು ನೋಂದಾಯಿಸಿದ, ಧಾರವಾಡದ ಫೇಡಾಕ್ಕೆ ಹಾಲು ಕೊಟ್ಟ ಕುಲ ಅದರದು.

ಅಪ್ಪ ಮಾತಾಡಲಿಲ್ಲ. ಕ್ಯಾಲೆಂಡರಿನ ಹಿಂಬದಿ ಹರಿದುಕೊಂಡು ಪೆನ್ಸಿಲು ಹಿಡಿದರು. ಆಗತಾನೆ ಹೆಸರುಕಾಳು ಬಂದಿತ್ತು, ಅಂಗಳದಲ್ಲಿ ಚೀಲ ಬಿದ್ದಿದ್ದವು. 100 ಗ್ರಾಂ ಹೆಸರಿನಲ್ಲಿ ಸುಮಾರು 23 ಗ್ರಾಂ ಪ್ರೋಟೀನು ಎಂದು ನಾನೇ ಹೇಳಿದ್ದೆ. 2024-25ರ ಬೆಂಬಲ ಬೆಲೆ ಕ್ವಿಂಟಲಿಗೆ 8,682 ರೂಪಾಯಿ. ಖರೀದಿ ಕೇಂದ್ರ ತೆರೆಯುವ ತನಕ ಮಾಲು ಇಟ್ಟುಕೊಳ್ಳುವ ಶಕ್ತಿ ಎಷ್ಟು ಜನರಿಗಿದೆ ಎಂಬುದನ್ನು ಬಿಡಿ. ಡಬ್ಬದಲ್ಲಿ ಒಟ್ಟು ಒಂದೂವರೆ ಕಿಲೋ ಪ್ರೋಟೀನು. ಗುಣಾಕಾರ ಭಾಗಾಕಾರ ಮುಗಿಸಿ ಅವರು ಕನ್ನಡಕ ತೆಗೆದರು.

“ನಾ ಬೆಳದ ಪ್ರೋಟೀನು ಕಿಲೋಕ್ಕ 380 ರೂಪಾಯಿ. ಡಬ್ಬದಾಗಿಂದು 4,100. ಹೌದಲ್ರಿ ಮಾಸ್ತರ?”

“ಅಪ್ಪಾ, ಹೆಸರಿನಾಗ ಕಾರ್ಬ್ ಭಾಳ ಐತಿ,” ಎಂದ ಮಿಸ್ಟರ್.

“ಇರಲಿ ತಮ್ಮಾ. ಅದಕ್ಕ ನಾ ಬ್ಯಾರೆ ರೊಕ್ಕ ತಗೊಳ್ಳಂಗಿಲ್ಲ.”

ಮರುದಿನ ಆ ಚೀಲಗಳನ್ನು ಟ್ರ್ಯಾಕ್ಟರಿಗೆ ಏರಿಸುವಾಗ ಮಿಸ್ಟರ್ ಕೈ ಹಚ್ಚಲಿಲ್ಲ. “ಕಟಿಂಗ್‌ನಾಗ ಅದೀನಿ, ಭುಜಕ್ಕ ಏನರ ಆದ್ರ?” ಎಂದ. ಮೂಗು ಹಿಂಡಿದರೆ ಪ್ರಾಣ ಹೋಗುವಂತಿದ್ದ ಹಮಾಲನೊಬ್ಬ ಬೀಡಿ ಕಚ್ಚಿಕೊಂಡೇ ಒಂದೊಂದಾಗಿ ಬೆನ್ನಿಗೆ ಹಾಕಿ ಎಸೆದು ಹೋದ. ಅಜ್ಜ ಕಟ್ಟೆಯ ಮೇಲೆ ಕೂತು ಇಬ್ಬರನ್ನೂ ಒಂದೊಂದು ಸಲ ನೋಡಿದರು, ಎಲೆ ಅಡಕೆ ಬಾಯಿಗೆ ಹಾಕಿಕೊಂಡರು. ಮಾತು ಬಂದದ್ದು ಅವ್ವನ ಕಡೆಯಿಂದ. “ನೀವೆಲ್ಲಾರೂ ಏನರ ಅನ್ರಿ. ಗುಟ್ಕಾ ಬಿಟ್ಟಾನ, ಓ.ಸಿ. ಆಡೂದು ಬಿಟ್ಟಾನ, ಒಂಬತ್ತಕ್ಕ ಮಲಗ್ತಾನ. ಇನ್ನ ಮೈಗೆ ಡಾಂಬರ ಹಚ್ಚಿಕೊಂಡ್ರೂ ನಂದೇನ ಅಡ್ಡಿ ಇಲ್ಲ.” ಪಾಪ, ಆ ಮಾತನ್ನು ಮುಂದೆ ನುಂಗಬೇಕಾಗುತ್ತದೆಂದು ಅವಳಿಗೇನು ಗೊತ್ತು.

ಜಿಮ್ಮುಗಳಲ್ಲಿ ಪಿಸುದನಿಯಲ್ಲಿ ನಡೆಯುವ ಇನ್ನೊಂದು ವ್ಯಾಪಾರವಿದೆ, ಸೂಜಿಯದು. ಯಕೃತ್ತು, ಹೃದಯ, ಮುಂದೆ ಮಕ್ಕಳಾಗುವ ಯೋಗ ಮೂರನ್ನೂ ಒತ್ತೆಯಿಟ್ಟು ಎರಡಿಂಚು ದಂಡ ಕೊಡುವ ಸಾಲ ಅದು. ಮಿಸ್ಟರ್‌ಗೂ ಯಾರೋ ಕೇಳಿದರಂತೆ. ಅವನು ಒಲ್ಲೆನೆಂದ. ವಿವೇಕದಿಂದಲ್ಲ. ಶಾಲೆಗೆ ಲಸಿಕೆಯವರು ಬಂದಾಗ ಕಿಟಕಿ ಹಾರಿ ಹಳ್ಳದ ತನಕ ಓಡಿದ ಹುಡುಗ ಅವನು, ಹಿಡಿದು ತಂದವನು ನಾನೇ. ಕೆಲವು ಭಯಗಳು ಮನುಷ್ಯನನ್ನು ಕಾಪಾಡುತ್ತವೆ.

ಸ್ಪರ್ಧೆಗೆ ಮೂರು ವಾರವಿರುವಾಗ ಕನ್ನಡಿ ಒಂದು ದೋಷ ತೋರಿಸಿತು. ಎಲ್ಲ ಕರಗಿದರೂ ಸೊಂಟದ ಎರಡೂ ಬದಿಯಲ್ಲಿ ಒಂದೊಂದು ಹಿಡಿ ಬೊಜ್ಜು ಜಪ್ಪಯ್ಯ ಅಂದರೂ ಹೋಗುತ್ತಿಲ್ಲ. ಹುಬ್ಬಳ್ಳಿಯಲ್ಲಿ ಬೊಜ್ಜನ್ನು ಹೆಪ್ಪುಗಟ್ಟಿಸಿ ತೆಗೆಯುವ ಕ್ಲಿನಿಕ್ ಇದೆಯಂತೆ ಎಂದು ಯಾರೋ ಕಿವಿಗೆ ಹಾಕಿದರು. ಹೊರಟೆವು. ಒಳಗೆ ಆಸ್ಪತ್ರೆಯ ವಾಸನೆಯಿಲ್ಲ, ಮದುವೆ ಮನೆಯ ವಾಸನೆ. ಅಲ್ಲಿಯ ಹುಡುಗಿ ಒಂದು ಯಂತ್ರ ತೋರಿಸಿ ವಿವರಿಸಿದಳು. ವಿಜ್ಞಾನ ನಿಜವೇ, ಅದಕ್ಕೊಂದು ಚಂದದ ಮೂಲವೂ ಇದೆ. ಐಸ್ ಕ್ಯಾಂಡಿ ಚೀಪುವ ಕೂಸುಗಳ ಕೆನ್ನೆಯಲ್ಲಿ ಕೊಬ್ಬು ಕೆಡುವುದನ್ನು 1970ರಲ್ಲೇ ವೈದ್ಯರು ಬರೆದಿಟ್ಟಿದ್ದರು. ಚರ್ಮಕ್ಕಿಂತ ಕೊಬ್ಬಿಗೆ ಚಳಿ ಬೇಗ ತಾಗುತ್ತದೆಂಬ ಈ ಸೂಕ್ಷ್ಮವನ್ನು ಹಿಡಿದು ಅಮೆರಿಕದವರು ಯಂತ್ರ ಮಾಡಿದರು, 2010ರಲ್ಲಿ ಅಲ್ಲಿನ ಸರಕಾರ ಸೊಂಟದ ಬೊಜ್ಜಿಗೆ ಒಪ್ಪಿಗೆ ಕೊಟ್ಟಿತು. ಮಿಸ್ಟರ್ ಹಸು ಮಾರಿದವನ ಹಾಗೆ ನೋಟು ಎಣಿಸಿ ಮುಂಗಡ ಕೊಟ್ಟ. ರಸೀದಿ ಕೈಗೆ ಬಂದ ಮೇಲೆ ಹುಡುಗಿ ನಗುತ್ತ, “ರಿಸಲ್ಟ್ ಎರಡ-ಮೂರ ತಿಂಗಳಿಗೆ ಕಾಣ್ತೈತ್ರಿ ಸರ,” ಎಂದಳು. ಸತ್ತ ಕೊಬ್ಬನ್ನು ಮೈ ನಿಧಾನಕ್ಕೆ ಸಾಗಿಸಬೇಕಲ್ಲ. ಅಂದರೆ ನವೆಂಬರಿನ ಸ್ಪರ್ಧೆಗೆ ನಮ್ಮ ಹುಡುಗನ ಸೊಂಟ ಸಂಕ್ರಾಂತಿಯ ಹೊತ್ತಿಗೆ ಸಿದ್ಧವಾಗುತ್ತಿತ್ತು. ಮೈಯ ಕೂದಲನ್ನು ಲೇಸರಿನಿಂದ ತೆಗೆಸಬಹುದೇ ಎಂದರೆ ಅದಕ್ಕೂ ವಾರಗಟ್ಟಲೆ ಬಿಡುವು ಕೊಟ್ಟು ಹಲವು ಸಲ ಬರಬೇಕು. ಮುಂಗಡ ತಿರುಗಿ ಬರಲಿಲ್ಲ. ಬದಲಿಗೆ ಒಂದು ಕೂಪನ್ ಬಂತು, ಅಕ್ಕನ ಮುಖಕ್ಕೆ ಫೇಶಿಯಲ್ ಉಚಿತ.

ಉಳಿದದ್ದು ವ್ಯಾಕ್ಸಿಂಗ್. ಕೂದಲಿದ್ದರೆ ಸ್ನಾಯುವಿನ ಗೆರೆ ಕಾಣುವುದಿಲ್ಲವಂತೆ. ತಾಲೂಕಿನ ಬ್ಯೂಟಿ ಪಾರ್ಲರುಗಳ ಬಾಗಿಲಿಗೆ ‘ಮಹಿಳೆಯರಿಗೆ ಮಾತ್ರ’ ಎಂಬ ಬೋರ್ಡು. ಕಡೆಗೆ ಓಣಿಯ ಕಟಿಂಗ್ ಶಾಪಿನ ದೋಸ್ತ ಮೊಬೈಲಿನಲ್ಲಿ ನೋಡಿ, ಸಕ್ಕರೆ, ನೀರು, ನಿಂಬಿಹಣ್ಣು ಹಾಕಿ ಕಾಯಿಸಿದರೆ ಮನೆಯಲ್ಲೇ ವ್ಯಾಕ್ಸ್ ಆಗುತ್ತದೆಂದು ಕಂಡುಹಿಡಿದ. ದನದ ಕೊಟ್ಟಿಗೆಯಲ್ಲಿ ಮೂರು ಕಲ್ಲಿಟ್ಟು ಪಾತ್ರೆ ಏರಿಸಿದರು. ವಾಸನೆಗೆ ಅಜ್ಜಿ ಓಡಿ ಬಂದಳು. ಪಾತ್ರೆಗೆ ಇಣುಕಿ, ಒಂದು ಹನಿ ನೀರಿಗೆ ಬಿಟ್ಟು, ಬೆರಳಲ್ಲಿ ಉರುಳಿಸಿ ನೋಡಿದಳು.

“ಇನ್ನೊಂದೀಟ ಕಾಯಬೇಕ. ಉಂಡಿ ಕಟ್ಟಾಕ ಈ ಪಾಕ ಸಾಲಂಗಿಲ್ಲ.”

ಯಾರೂ ಸತ್ಯ ಹೇಳಲಿಲ್ಲ. ಅಜ್ಜಿಯ ಅನುಭವವನ್ನು ಗೌರವಿಸಿ ಇನ್ನಷ್ಟು ಕಾಯಿಸಿದರು. ಅಲ್ಲೇ ಎಡವಟ್ಟಾದದ್ದು. ಉಂಡಿಗೆ ಹದವಾದ ಪಾಕ ಎದೆಗೆ ಹದವಾಗುವುದಿಲ್ಲ. ದೋಸ್ತ ಅದನ್ನು ಮಿಸ್ಟರ್‌ನ ಎದೆಗೆ ಸವರಿ, ಹಳೆಯ ಧೋತರದ ಪಟ್ಟಿ ಅಂಟಿಸಿ, ಊದಿ ಆರಿಸುವಷ್ಟರಲ್ಲಿ ಪಾಕ ಕಟ್ಟಿತು. ಗಟ್ಟಿಯಾಗಿ ಕಟ್ಟಿತು. ಪಟ್ಟಿಯ ತುದಿ ಹಿಡಿದು, “ಜೈ ಹನುಮಾನ ಅನ್ನು,” ಎಂದ. ಮಿಸ್ಟರ್ ‘ಜೈ’ ಎಂದ. ಮುಂದಿನದು ಶಬ್ದವೇ ಅಲ್ಲ. ಎಮ್ಮೆ ಗೂಟ ಕಿತ್ತುಕೊಂಡು ಹೋಯಿತು. ಓಣಿಯ ಕೋಳಿ ಮಾಳಿಗೆ ಏರಿತು. ಪಕ್ಕದ ಮನೆಯವರು ಹಾವು ಎಂದು ಬಡಿಗೆ ಹಿಡಿದು ಬಂದರು. ಪಟ್ಟಿ ಅರ್ಧಕ್ಕೆ ಹರಿದು ದೋಸ್ತನ ಕೈಯಲ್ಲಿತ್ತು, ಉಳಿದರ್ಧ ಎದೆಯ ಮೇಲೇ ಇತ್ತು, ಬಿಸಿನೀರಿನ ಬಟ್ಟೆಯಿಟ್ಟು ಇಟ್ಟು ಕರಗಿಸಬೇಕಾಯಿತು. ಕರಗಿದ್ದನ್ನು ನೋಡಿ ಅಜ್ಜಿಗೆ ಸಂಗತಿ ತಿಳಿಯಿತು. “ಒಂದ ಕಿಲೋ ಸಕ್ರಿ!” ಎಂದಳು, ಅಷ್ಟೇ. ಉಳಿದ ಮೈಗೆ ರೇಜರು. ಎರಡು ದಿನ ಅರಿಷಿಣ ಹಚ್ಚಿಕೊಂಡು ಓಡಾಡಿದ. ಓಣಿಯ ಹೆಂಗಸರು, “ಸುರಗಿ ಯಾವಾಗ?” ಎಂದು ಕೇಳಿದರು.

ಇನ್ನು ಬಣ್ಣ. ನಮ್ಮ ಭಾಗದ ತಾಯಂದಿರು ಮಕ್ಕಳನ್ನು ಬೆಳ್ಳಗೆ ಮಾಡಲು ಪಡುವ ಪಾಡು ನಿಮಗೆ ಗೊತ್ತು. ಹುಟ್ಟಿದ ಮೂರನೇ ದಿನದಿಂದ ಕಡ್ಲಿ ಹಿಟ್ಟು, ಹಾಲಿನ ಕೆನೆ. ಮುಂದೆ 1975ರಲ್ಲಿ ಶುರುವಾದ ಫೇರ್ ಆ್ಯಂಡ್ ಲವ್ಲಿ ಮೆಲ್ಲಗೆ ಗಂಡುಮಕ್ಕಳ ಕಪಾಟಿಗೂ ಕದ್ದು ನುಗ್ಗಿತು. 2005ರಲ್ಲಿ ಅವರಿಗೆಂದೇ ಫೇರ್ ಆ್ಯಂಡ್ ಹ್ಯಾಂಡ್‌ಸಮ್ ಬಂತು. 2020ರಲ್ಲಿ ಮೊದಲಿನದು ನಾಚಿಕೊಂಡು ಗ್ಲೋ ಆ್ಯಂಡ್ ಲವ್ಲಿ ಆಯಿತು, ನಮ್ಮ ಓಣಿಯ ಕಿರಾಣಿ ಅಂಗಡಿ ಇನ್ನೂ ಹಳೆಯ ಹೆಸರಿಗೇ ಮಾರುತ್ತದೆ. ಮಿಸ್ಟರ್ ಹದಿನೈದನೇ ವಯಸ್ಸಿನಿಂದ ಇವೆಲ್ಲವನ್ನೂ ತಿಕ್ಕಿ ತಿಕ್ಕಿ, ಬಿಸಿಲಿಗೆ ಮುಖಕ್ಕೆ ಟವೆಲ್ ಸುತ್ತಿ, ಹೇಗೋ ಒಂದು ಗೋಧಿ ಬಣ್ಣಕ್ಕೆ ಬಂದಿದ್ದ. ಸ್ಪರ್ಧೆಯ ಹಿಂದಿನ ರಾತ್ರಿ ಕಟಿಂಗ್ ಶಾಪಿನ ಶಟರ್ ಇಳಿಸಿ, ಅದಷ್ಟನ್ನೂ ಎರಡು ಕೋಟಿನಲ್ಲಿ ಅಳಿಸಲಾಯಿತು.

ಕಾರಣ ಉಂಟು. ವೇದಿಕೆಯ ದೀಪ ಹರಿತವಾಗಿರುತ್ತದೆ. ತಿಳಿ ಮೈಯ ಮೇಲೆ ಬಿದ್ದರೆ ಉಬ್ಬು ತಗ್ಗು ಒಂದೂ ಕಾಣದೆ ಎಲ್ಲ ಸಪಾಟಾಗುತ್ತದೆ. ಕಪ್ಪಗಿದ್ದರೆ ಸ್ನಾಯುಗಳ ನಡುವೆ ನೆರಳು ನಿಲ್ಲುತ್ತದೆ. ಮೈಗೆ ಬಳಿಯುವ ಈ ಟ್ಯಾನಿನ ಬಣ್ಣದಲ್ಲಿರುವ ಮುಖ್ಯ ರಸಾಯನ ಮೇಲ್ಚರ್ಮದ ಜೊತೆ ಸೇರಿ ಕಂದುವ ಬಗೆಯೂ ಹಂಚಿನ ಮೇಲೆ ರೊಟ್ಟಿ ಕಂದುವ ಬಗೆಯೂ ಒಂದೇ ಜಾತಿಯದು. ಆ ಚರ್ಮ ಉದುರುವ ತನಕ, ಅಂದರೆ ವಾರದ ಮಟ್ಟಿಗೆ ಹೋಗುವುದಿಲ್ಲ. ದೋಸ್ತ ಗೋಡೆಗೆ ಸುಣ್ಣ ಬಳಿದ ಹುರುಪಿನಲ್ಲಿ ಸ್ಪಂಜು ಎಳೆದ. ಮೊಣಕಾಲು, ಮೊಣಕೈ, ಹಿಮ್ಮಡಿಯಲ್ಲಿ ಬಣ್ಣ ಕುಡಿದು ಕುಡಿದು ಕಗ್ಗಪ್ಪಾಯಿತು. ಬಗಲಲ್ಲಿ ಇಳಿದು ಗೆರೆಯಾಯಿತು. ಹಳಸಿದ ಬಿಸ್ಕೀಟಿನ ವಾಸನೆ ಶಾಪಿನ ತುಂಬ. ಕೂರುವಂತಿಲ್ಲ, ಮಲಗುವಂತಿಲ್ಲ. ನಿಂತೇ ಬೆಳಗು ಮಾಡಿದ. ಮುಂಜಾನೆ ಬಾಗಿಲಲ್ಲಿ ಅವನನ್ನು ಕಂಡ ಅವ್ವ ಕೈಯಲ್ಲಿದ್ದ ತಂಬಿಗೆ ಬಿಟ್ಟಳು. ಅಜ್ಜ ಹತ್ತಿರ ಬಂದು, ತೋಳಿನ ಮೇಲೆ ಬೆರಳಾಡಿಸಿ, ಬೆರಳು ನೋಡಿಕೊಂಡು, “ಡಬ್ಬಿಗೆ ಎಷ್ಟ ಕೊಟ್ಟಿ?” ಎಂದರು. ಹೇಳಿದ. “ನಮ್ಮ ಎರಿ ಹೊಲದಾಗ ಒಂದ ಮಳಿ ಆದಮ್ಯಾಲ ಉಳ್ಳಾಡಿದ್ರ ಪುಕ್ಕಟೆ ಆಗ್ತಿತ್ತಲ್ಲೋ!” ಅಜ್ಜನಿಗೆ ಮೈಗೆ ಮಣ್ಣು ಮೆತ್ತಿಕೊಳ್ಳುವುದು ತಪ್ಪಲ್ಲ. ಅವರ ಅಖಾಡದ ಮಣ್ಣಿಗೆ ಎಣ್ಣೆ, ಮಜ್ಜಿಗೆ, ಅರಿಷಿಣ, ನಿಂಬಿರಸ ಎಲ್ಲ ಬೀಳುತ್ತಿದ್ದವು. ಅದಕ್ಕೆ ರೊಕ್ಕ ಕೊಡುವುದಷ್ಟೇ ತಪ್ಪು.

ಸ್ಪರ್ಧೆಯದನ್ನು ಬೇಗ ಹೇಳಿ ಮುಗಿಸುತ್ತೇನೆ, ಅದು ಮುಗಿದದ್ದೂ ಬೇಗನೇ. ಎರಡು ದಿನದಿಂದ ಉಪ್ಪಿಲ್ಲ, ಹಿಂದಿನ ಸಂಜೆಯಿಂದ ನೀರಿಲ್ಲ. ಚರ್ಮ ಮೈಗೆ ಅಂಟಿ ಗೆರೆ ಏಳಬೇಕಂತೆ. ತೂಕ 64.8. ವೇದಿಕೆಯ ಹಿಂದೆ ಪ್ಲಾಸ್ಟಿಕ್ ಹಾಸಿದ ನೆಲದ ಮೇಲೆ ಮೂವತ್ತು ನಲವತ್ತು ಕಡುಗಂದು ಹುಡುಗರು ಬೆಲ್ಲ ಕಚ್ಚಿ, ರಬ್ಬರ್ ಬೆಲ್ಟು ಎಳೆದು, ಇಟ್ಟಿಗೆ ಹಿಡಿದು ದಂಡ ಹೊಡೆದು ನರ ಉಬ್ಬಿಸುತ್ತಿದ್ದರು. ಪೇಂಟರು, ಗ್ಯಾರೇಜಿನವರು, ಡೆಲಿವರಿ ಹುಡುಗರು, ಒಬ್ಬ ಪೊಲೀಸ್ ಪೇದೆ. ಕಲಘಟಗಿ ಕಡೆಯ ಒಬ್ಬನಿಗೆ ಕಾಲಿನ ಮೀನಖಂಡ ಹಿಡಿದು ನಾಲ್ಕು ಜನ ತಿಕ್ಕುತ್ತಿದ್ದರು. ಸತ್ಯ ಹೇಳಬೇಕೆಂದರೆ ಅಲ್ಲಿ ನನ್ನ ನಗೆ ಸ್ವಲ್ಪ ಕಡಿಮೆಯಾಯಿತು. ಇಷ್ಟು ಹಸಿದ ಇಷ್ಟು ಶಿಸ್ತಿನ ಹುಡುಗರನ್ನು ನಾನು ನನ್ನ ಮೂವತ್ತು ವರ್ಷದ ಮಾಸ್ತರಿಕೆಯಲ್ಲಿ ಒಂದೇ ಕೋಣೆಯಲ್ಲಿ ಕಂಡಿರಲಿಲ್ಲ.

ಕಡ್ಡಾಯದ ಏಳು ಪೋಸು, ಆಮೇಲೆ ಹಾಡಿಗೆ ಒಂದು ನಿಮಿಷ. ಮಿಸ್ಟರ್ ಪೆನ್ ಡ್ರೈವಿನಲ್ಲಿ ತಂದಿದ್ದ ಹಾಡು ಓಡಲಿಲ್ಲ. ಸೌಂಡ್ ಸಿಸ್ಟಮಿನವನು ಕೈಗೆ ಸಿಕ್ಕಿದ್ದನ್ನು ಹಾಕಿದ. ಅದು ಭಜನೆ. ಕರತಾಳ, ದಮಡಿಯ ಗತ್ತಿಗೆ ನಮ್ಮ ಹುಡುಗ ರಟ್ಟೆ ಎತ್ತಿದ, ಎದೆ ಹಿಗ್ಗಿಸಿದ, ಬೆನ್ನು ಬಿಚ್ಚಿದ. ಸಭೆಯ ಹಿಂದಿನ ಸಾಲಿನಿಂದ ಯಾರೋ ಭಕ್ತಿಯಿಂದ ಚಪ್ಪಾಳೆಯ ತಾಳ ಹಿಡಿದರು. ಐವರಿಗೆ ಬಹುಮಾನ, ನಮ್ಮವನು ಆರನೆಯವ. ಇಳಿದು ಬಂದವನೇ ಮೂರು ಬಾಟಲಿ ನೀರು, ಎರಡು ಪ್ಲೇಟು ಗಿರ್ಮಿಟ್, ಎಣಿಸದಷ್ಟು ಮಿರ್ಚಿ. ಅಳುತ್ತಿದ್ದನೋ ಖಾರವಾಗಿತ್ತೋ, ಟ್ಯಾನಿನ ಮೇಲೆ ಎರಡು ಗೆರೆ ಇಳಿದಿದ್ದವು.

ಕಡೆಯ ಬಸ್ಸು. ಸೀಟಿಗೆ ಬಣ್ಣ ಹತ್ತುತ್ತದೆಂದು ಕಂಡಕ್ಟರು ಅವನಿಗೆ ಕೂರಲು ಬಿಡಲಿಲ್ಲ. ನಿಂತುಕೊಂಡು ಮೇಲಿನ ಎರಡೂ ಕಂಬಿ ಹಿಡಿದ. ಹಿಡಿದ ಕೂಡಲೇ ಅದು ಸ್ಪರ್ಧೆಯ ಮೊದಲನೇ ಪೋಸಾಯಿತು. ರಸ್ತೆಯ ಗುಂಡಿಗೊಮ್ಮೆ ಒಂದೊಂದು ಸ್ನಾಯು ತಾನಾಗಿ ಎದ್ದು ಬಿದ್ದು ಮಾಡತೊಡಗಿತು. ಸಂತೆ ಮುಗಿಸಿ ಬಂದ ಹೆಂಗಸರು ಬಾಯಿಗೆ ಸೆರಗಿಟ್ಟು ನೋಡಿದರು, ಕಾಲೇಜು ಹುಡುಗರು ವಿಡಿಯೋ ಹಿಡಿದರು, ಒಬ್ಬ ಮುದುಕ ಎದ್ದು ಬಂದು ರಟ್ಟೆ ಒತ್ತಿ ನೋಡಿ ‘ಭಲೇ’ ಎಂದ. ವೇದಿಕೆಯ ಮೇಲೆ ಸಿಕ್ಕಿದ್ದು ಒಂದು ನಿಮಿಷ, ಇಲ್ಲಿ ನವಲಗುಂದದ ತನಕ ಸಿಕ್ಕಿತು. ನಡುದಾರಿಯಲ್ಲಿ ಇಳಿಯಬೇಕಿದ್ದವನೊಬ್ಬ ಮರೆತು ಮುಂದೆ ಬಂದ.

ಇಷ್ಟಕ್ಕೇ ಮುಗಿಯುತ್ತಿತ್ತು. ಆದರೆ ನಾಲ್ಕನೇ ದಿನ ಕುಂದಗೋಳದ ಕಡೆಯಿಂದ ಕರೆ ಬಂತು, “ಭಾನುವಾರ ಕನ್ಯಾ ನೋಡಾಕ ಬರ್ರಿ.” ಫೋಟೋ ಮೊದಲೇ ಹೋಗಿತ್ತು, ಕ್ರೀಮಿನ ಕಾಲದ ಫೋಟೋ. ಅವ್ವ ಕಡ್ಲಿ ಹಿಟ್ಟು, ನಿಂಬಿ, ಮೊಸರು, ಕಡೆಗೆ ಹೀರೇಕಾಯಿಯ ನಾರು ಎಲ್ಲ ಹಾಕಿ ತಿಕ್ಕಿದಳು. ಟ್ಯಾನು ಹೋಗಲಿಲ್ಲ, ಅಲ್ಲಲ್ಲಿ ಎದ್ದಿತು. ಕುತ್ತಿಗೆ ಒಂದು ಬಣ್ಣ, ಮುಖ ಒಂದು, ಕೈ ನಕಾಶೆ. ತುಂಬು ತೋಳಿನ ಅಂಗಿ ಹಾಕಿಸಿ ಕರೆದುಕೊಂಡು ಹೋದೆವು. ಹುಡುಗಿ ಚಹಾ, ಚುರಮರಿ ತಂದಿಟ್ಟಳು. ನಮ್ಮವನು ಸಕ್ಕರೆಯ ಚಹಾಕ್ಕೆ ಕೈ ಚಾಚಿದ, ತೋಳು ಮೇಲಕ್ಕೆ ಸರಿಯಿತು, ಮಣಿಕಟ್ಟು ಕಂಡಿತು. ಹುಡುಗಿಯ ಅಪ್ಪ “ಹೊಲ ಎಷ್ಟೈತ್ರಿ?” ಎಂದು ಶುರು ಮಾಡಿದ್ದರು. ಹುಡುಗಿ ಅದನ್ನು ಕೇಳುತ್ತಿರಲಿಲ್ಲ, ಮಣಿಕಟ್ಟನ್ನೇ ನೋಡುತ್ತಿದ್ದಳು.

“ಎರಡ ಕೋಟ್ ಹಾಕ್ಯಾರಲ್ರಿ,” ಎಂದಳು.

ಕೋಣೆಯಲ್ಲಿ ಚುರಮರಿ ಅಗಿಯುವ ಸದ್ದು ನಿಂತಿತು.

“ಹಚ್ಚೂಕಿಂತ ಮೊದಲ ಸ್ಕ್ರಬ್ ಮಾಡಬೇಕ. ಮೊಣಕೈಗೆ, ಗಂಟಿಗೆ ಕೊಬ್ಬರಿ ಎಣ್ಣಿ ಸವರಿದ್ರ ಹಿಂಗ ಪಟ್ಟಿ ಪಟ್ಟಿ ಆಗ್ತಿದ್ದಿಲ್ಲ. ಯಾರ ಹಚ್ಚಿದ್ದು?”

ಮಿಸ್ಟರ್ ಬಾಗಿಲ ಬಳಿ ಚಪ್ಪಲಿ ಕಾಯುತ್ತಿದ್ದ ದೋಸ್ತನ ಕಡೆ ಬೆರಳು ತೋರಿಸಿದ. ದೋಸ್ತ ಬೀದಿಗೆ ಇಳಿದ. ಹುಡುಗಿ ಹುಬ್ಬಳ್ಳಿಯಲ್ಲಿ ಬ್ಯೂಟಿಷಿಯನ್ ಕೋರ್ಸು ಮುಗಿಸಿ ಊರಲ್ಲಿ ಪಾರ್ಲರು ತೆರೆದಿದ್ದಾಳೆಂದು ಮಧ್ಯಸ್ಥಗಾರ ಆಗ ನೆನಪಿಸಿಕೊಂಡು ಹೇಳಿದ. ಅವಳು ಒಳಗೆ ಹೋಗಿ ಒಂದು ಕಾರ್ಡು ತಂದು ಮಿಸ್ಟರ್‌ನ ಮುಂದಿಟ್ಟಳು. “ಮುಂದಿನ ಸಲ ಕಾಂಪಿಟೇಶನ್ ಇದ್ರ ಒಂದ ವಾರ ಮೊದಲ ಫೋನ್ ಮಾಡ್ರಿ.”

ಹೊರಗೆ ಬಂದ ಮೇಲೆ ಜೀಪಿನಲ್ಲಿ ಅಜ್ಜ ಮುರುಟಿದ ಕಿವಿ ಮುಂದೆ ಚಾಚಿ ಎಲ್ಲರನ್ನೂ ಕೇಳಿದರು, “ಅಂದ್ರ ಹುಡುಗಿ ಹೂಂ ಅಂದಳೋ, ಊಂಹೂಂ ಅಂದಳೋ?”

ಯಾರಿಗೂ ಹೇಳಲಾಗಲಿಲ್ಲ. ಮಿಸ್ಟರ್ ಕಾರ್ಡು ತಿರುವಿದ. ಹಿಂಬದಿಯಲ್ಲಿ ದರಪಟ್ಟಿ ಇತ್ತು.